ತೊಗಲಿಗೆ ಬಣ್ಣ ಹಿಡಿಯುವ ಬಗೆ

ತೊಗಲಿಗೆ ಬಣ್ಣ ಬಳಿಯುವುದು ಬೇರೆ, ಬಣ್ಣ ಹಿಡಿಸುವುದು ಬೇರೆ. ಬಳಿದದ್ದು ಮಳೆಯಲ್ಲಿ ತೊಯ್ದರೆ ಕಾಲುಚೀಲಕ್ಕೆ ಹತ್ತುತ್ತದೆ. ಹಿಡಿದದ್ದು ನಾರಿನ ಒಡಲಲ್ಲೇ ನಿಲ್ಲುತ್ತದೆ. ಈ ಅಂತರದ ಮೂಲವನ್ನು ರಸಾಯನಶಾಸ್ತ್ರದಲ್ಲಿ ಅರಸಬೇಕು.

ತೊಗಲಿನ ನಾರು ಕೊಲಾಜೆನ್ ಎಂಬ ಸಸಾರಜನಕ. ಅದರ ಎಳೆಗಳಲ್ಲಿ ಅಮೈನೊ ಗುಂಪುಗಳೂ ಕಾರ್ಬಾಕ್ಸಿಲ್ ಗುಂಪುಗಳೂ ಇವೆ. ಆಮ್ಲಯುಕ್ತ ದ್ರವದಲ್ಲಿ ಅಮೈನೊ ಗುಂಪು ಧನವಿದ್ಯುದಾವೇಶವನ್ನು ಪಡೆಯುತ್ತದೆ. ಚರ್ಮೋದ್ಯಮದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ವರ್ಣದ್ರವ್ಯಗಳದು ಋಣಾವೇಶ. ಆದುದರಿಂದ ಅವೆರಡೂ ಪರಸ್ಪರ ಆಕರ್ಷಿಸಿ ಬೆಸೆದುಕೊಳ್ಳುತ್ತವೆ.

ಹಾಗಿದ್ದರೆ ತಂಗಡಿ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸಿದ ತೊಗಲು, ಅಂದರೆ ಮದರಾಸಿನಿಂದ ‘ಈಸ್ಟ್ ಇಂಡಿಯಾ’ ಎಂಬ ಹೆಸರಿನಲ್ಲಿ ವಿದೇಶಗಳಿಗೆ ಹೋಗುತ್ತಿದ್ದ ತೊಗಲು, ಇದೇ ಬಣ್ಣವನ್ನು ಮಂಕಾಗಿ ಸ್ವೀಕರಿಸುವುದೇಕೆ? ತೊಗಟೆಯ ಒಗರು ಸತ್ವವಾದ ಟ್ಯಾನಿನ್ ಮೊದಲೇ ಬಂದು ಜಾಗ ಹಿಡಿದಿರುತ್ತದೆ, ಅದರದೂ ಋಣಾವೇಶವೇ. ಪ್ರತ್ಯಾಮ್ಲೀಯ ವರ್ಣಗಳು ಟ್ಯಾನಿನ್ನಿಗೆ ಬಲವಾಗಿ ಅಂಟುವುದು ನಿಜ. ಆದರೆ ಬಿಸಿಲಿಗೆ ಬೇಗ ಮಾಸುವ ಬಣ್ಣವನ್ನು ಕಟ್ಟಿಕೊಂಡು ಮಾಡುವುದೇನು?

ಇದಕ್ಕೆ ಕಂಡುಕೊಂಡ ಉಪಾಯವೇ ‘ಸೆಮಿಕ್ರೋಮ್’ ವಿಧಾನ. ಸೋಡಾ ಇಲ್ಲವೆ ಬೋರಾಕ್ಸ್ ಬೆರೆಸಿದ ನೀರಿನಲ್ಲಿ ತೊಗಲನ್ನು ಹೊರಳಿಸಿ ಟ್ಯಾನಿನ್ನಿನ ಒಂದಂಶವನ್ನು ಕಳೆಯುವರು. ತೊಳೆದು, ತೆಳುವಾದ ಆಮ್ಲದಿಂದ ಉಳಿದ ಕ್ಷಾರವನ್ನು ನೀಗಿ, ಕ್ರೋಮಿಯಂ ಲವಣದಿಂದ ಮತ್ತೊಮ್ಮೆ ಹದ ಮಾಡುವರು. ಟ್ಯಾನಿನ್ ತೆರವು ಮಾಡಿದೆಡೆ ಅಮೈನೊ ಗುಂಪುಗಳು ಬಣ್ಣಕ್ಕೆ ದೊರಕುತ್ತವೆ. ಕ್ರೋಮಿಯಂ ಅವುಗಳಿಗೆ ಪೈಪೋಟಿಯಾಗದೆ ಕಾರ್ಬಾಕ್ಸಿಲ್ ಗುಂಪುಗಳನ್ನು ಹಿಡಿದು, ನಾರಿನ ಧನಾವೇಶವನ್ನು ಹೆಚ್ಚಿಸುತ್ತದೆ. ಮಂಕಾಗಿದ್ದ ತೊಗಲಿನಲ್ಲಿ ಕೆಂಪು ಕೆಂಪಾಗಿಯೇ ಮೂಡುತ್ತದೆ.

ಆದರೆ ಆಕರ್ಷಣೆ ಅತಿಯಾದರೂ ಕೇಡೇ. ಬಣ್ಣವೆಲ್ಲ ಮೇಲ್ಪದರದಲ್ಲಿ ಮುಗಿಬಿದ್ದು ತೊಗಲು ಕಲೆಕಲೆಯಾಗುತ್ತದೆ. ಒಳಕ್ಕೆ ಇಳಿಯುವುದೇ ಇಲ್ಲ. ಆದಕಾರಣ ಅನುಭವಿಯಾದ ಕೆಲಸಗಾರನು ಮೊದಲು ಅಡುಗೆ ಸೋಡಾದಂಥ ಸೌಮ್ಯ ಕ್ಷಾರದಿಂದ ಆಮ್ಲತೆಯನ್ನು ತಗ್ಗಿಸಿ, ಬಣ್ಣವನ್ನು ಒಳಗಿಳಿಯಗೊಟ್ಟು, ಕಡೆಯಲ್ಲಿ ಫಾರ್ಮಿಕ್ ಆಮ್ಲ ಹಾಕಿ ಅದನ್ನು ಬಂಧಿಸುತ್ತಾನೆ. ಡ್ರಮ್ಮಿನ ನೀರು ತಿಳಿಯಾಯಿತೆಂದರೆ ಬಣ್ಣ ತೊಗಲನ್ನು ಸೇರಿತೆಂದು ಲೆಕ್ಕ.

ತಿಳಿಯಾಗದಿದ್ದರೆ ಆ ನೀರು ಎಲ್ಲಿಗೆ ಹೋಗಬೇಕು? ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿ ವೆಲ್ಲೂರಿನ ಕಡೆ ಹರಿಯುತ್ತದೆ. ಅಲ್ಲಿಯ ಚರ್ಮ ಹದ ಮಾಡುವ ಕಾರ್ಖಾನೆಗಳ ಕೊಳೆನೀರು ನದಿಯನ್ನೂ ಬಾವಿಗಳನ್ನೂ ಕೆಡಿಸಿತೆಂಬ ದೂರು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಮಲಿನಗೊಳಿಸಿದವರೇ ಪರಿಹಾರ ತೆರಬೇಕೆಂದು 1996ರ ಆಗಸ್ಟ್ 28ರಂದು ತೀರ್ಪಾಯಿತು.

ಬಣ್ಣವೊಂದೇ ಪೂರ್ತಿ ಹಿಡಿದರೂ ಸಾಲದು. ಸಾಮಾನ್ಯ ವಿಧಾನದಲ್ಲಿ ಹಾಕಿದ ಕ್ರೋಮಿಯಮ್ಮಿನಲ್ಲಿ ಸುಮಾರು ಮೂರನೆಯ ಒಂದು ಪಾಲು ನೀರಿನಲ್ಲೇ ಉಳಿಯುತ್ತದೆ. ಅದನ್ನು ಕ್ಷಾರದಿಂದ ಗಷ್ಟಾಗಿ ಇಳಿಸಿ, ಆಮ್ಲದಲ್ಲಿ ಕರಗಿಸಿ, ಮುಂದಿನ ತೊಗಲಿಗೆ ಮರಳಿ ಬಳಸುವ ಪದ್ಧತಿ ರೂಢಿಗೆ ಬಂದಿದೆ.