ಒಳ ಕ್ರಾಸಿನಲ್ಲೊಂದು ಮನೆ ಕೊಳ್ಳುವ ಮುನ್ನ

ಗದ್ದಲವಿಲ್ಲದ, ಅನುಕೂಲಸ್ಥರ ಬಡಾವಣೆಯಲ್ಲಿ ಸ್ವಂತ ಮನೆ ಬೇಕು ಎನ್ನುವವರು ಪಶ್ಚಿಮ ಬೆಂಗಳೂರಿನಲ್ಲಿ ಗೇಟು ಹಾಕಿದ ವಿಲ್ಲಾಗಳನ್ನೇ ಹುಡುಕಬೇಕಿಲ್ಲ. ಇಲ್ಲಿ ನೆಮ್ಮದಿ ಇರುವುದು ಮೇನ್ ರೋಡಿನಿಂದ ಎರಡು ಮೂರು ತಿರುವು ಒಳಗಿರುವ ಕ್ರಾಸುಗಳಲ್ಲಿ. ಹೊಂಗೆ ಮರ, ಮುಂದೆ ಪುಟ್ಟ ಕಾಂಪೌಂಡು, ನಲವತ್ತು ವರ್ಷದ ಹಿಂದೆ ಕಟ್ಟಿದ ಮನೆ. ರಾಜಾಜಿನಗರ 1949ರಲ್ಲಿ, ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತು ರೂಪುಗೊಂಡ ಬಡಾವಣೆ. ಸೈಟು ಹಂಚಿದ್ದು 1945ರಲ್ಲಿ ಹುಟ್ಟಿದ ಸಿ.ಐ.ಟಿ.ಬಿ., ಅಂದರೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ. 1976ರಲ್ಲಿ ಅದರ ಜಾಗಕ್ಕೆ ಬಿ.ಡಿ.ಎ. ಬಂತು. ಬಸವೇಶ್ವರನಗರದಲ್ಲಿ ಗೃಹ ಮಂಡಳಿಯ ಕೆ.ಎಚ್.ಬಿ. ಕಾಲೊನಿ ಇದೆ. ಕೆಂಗೇರಿ ಕಡೆಗೆ ಹೋದರೆ ಉಪನಗರ, ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ ಸಿಗುತ್ತವೆ.

ಇಂಥ ಕಡೆ ನಿಮಗೆ ಮಾರುವವರು ಹೆಚ್ಚಾಗಿ ಬಿಲ್ಡರ್ ಅಲ್ಲ, ಒಂದು ಕುಟುಂಬ. ನೀವು ಕೊಡುವ ಹಣದಲ್ಲಿ ಬಹುಪಾಲು ನಿವೇಶನಕ್ಕೆ ಹೋಗುತ್ತದೆ, ಕಟ್ಟಡಕ್ಕಲ್ಲ. ಹಾಗಾಗಿ ಗೋಡೆ, ಟೈಲ್ಸು, ಮಾಡ್ಯುಲರ್ ಕಿಚನ್ ನೋಡುವ ಮುಂಚೆ ಬೀದಿಯನ್ನೂ ಆ ಕುಟುಂಬದ ಹಕ್ಕಿನ ಚರಿತ್ರೆಯನ್ನೂ ನೋಡಬೇಕು. ಕೆಲಸವನ್ನು ಈ ಕ್ರಮದಲ್ಲಿ ಮಾಡಿಕೊಂಡರೆ ಅಡ್ವಾನ್ಸ್ ಕೊಟ್ಟ ಮೇಲೆ ಪರದಾಡುವುದು ತಪ್ಪುತ್ತದೆ.

ಮೊದಲು ಬೀದಿ

ದಲ್ಲಾಳಿಗಳು ಮನೆ ತೋರಿಸುವುದು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಯಾವ ಬೀದಿಯೂ ಶಾಂತವಾಗಿಯೇ ಇರುತ್ತದೆ. ಅದೇ ಬೀದಿಗೆ ವಾರದ ದಿನ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಹೋಗಿ, ಸಂಜೆ ಆರೂವರೆಗೆ ಹೋಗಿ, ಮದುವೆ ಮುಹೂರ್ತವಿರುವ ಒಂದು ರಾತ್ರಿಯೂ ಹೋಗಿ ನಿಲ್ಲಿ. ಹಿಂದಿನ ರಸ್ತೆಯ ಕಲ್ಯಾಣ ಮಂಟಪ ಆಗ ಗೊತ್ತಾಗುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದೆಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಮೊಬೈಲಿನಲ್ಲೇ ಅಂದಾಜು ಅಳೆಯಬಹುದು. ಆದರೆ ಅದಕ್ಕಿಂತ ನಂಬಿಕೆಯ ಮಾತು ಸಿಗುವುದು ಕ್ರಾಸಿನ ಮೂಲೆಯ ಇಸ್ತ್ರಿ ಗಾಡಿಯವರ ಹತ್ತಿರ. ಯಾವ ಮನೆ ಖಾಲಿ, ಯಾವ ಮನೆಯಲ್ಲಿ ಅಣ್ಣತಮ್ಮಂದಿರ ಜಗಳ, ಯಾವ ಸೈಟಿನಲ್ಲಿ ಪಿ.ಜಿ. ಬರಲಿದೆ ಎಂಬುದೆಲ್ಲ ಅವರಿಗೆ ತಿಳಿದಿರುತ್ತದೆ. ಎರಡು ಜೊತೆ ಬಟ್ಟೆ ಕೊಟ್ಟು ಮಾತಿಗಿಳಿಯಿರಿ.

ಅಕ್ಕಪಕ್ಕದ ಕಟ್ಟಡಗಳ ಗೇಟಿನೊಳಗೆ ಕಾಣುವ ಮೀಟರ್ ಬೋರ್ಡನ್ನೂ ಗಮನಿಸಿ. ಮೂವತ್ತು–ನಲವತ್ತರ ಸೈಟಿನಲ್ಲಿ ಎಂಟು ಹತ್ತು ಮೀಟರುಗಳು ಸಾಲಾಗಿ ಕೂತಿದ್ದರೆ, ಅಷ್ಟೇ ಸಂಸಾರಗಳು, ಅದಕ್ಕಿಂತ ಹೆಚ್ಚು ಬೈಕುಗಳು ಆ ಬೀದಿಯಲ್ಲಿವೆ ಎಂದರ್ಥ. ಕಾರು ನಿಲ್ಲಿಸುವ ಜಾಗಕ್ಕೆ ದಿನಾ ತಗಾದೆ ಆಗುವುದು ಇಂಥ ಕಡೆಯೇ.

ರಸ್ತೆಯ ಅಗಲವನ್ನು ಟೇಪು ಹಿಡಿದೇ ಅಳೆಯಿರಿ. ನಲವತ್ತು ಅಡಿ ಮತ್ತು ಅದಕ್ಕಿಂತ ಅಗಲದ ರಸ್ತೆಗಳಿಗೆ ಅಂಗಡಿ, ಕ್ಲಿನಿಕ್ಕು, ಕಚೇರಿಗಳು ಕಾಲಿಡುವ ಸಾಧ್ಯತೆ ಹೆಚ್ಚು, ಡಾ. ರಾಜ್‌ಕುಮಾರ್ ರಸ್ತೆಯಂಥ ಕಡೆ ಮನೆಗಳ ಸಾಲು ಅಂಗಡಿಗಳ ಸಾಲಾದದ್ದು ನಮ್ಮ ಕಣ್ಣೆದುರೇ. ಇಂದಿನ ಮೌನ ಹತ್ತು ವರ್ಷದ ಮೇಲೂ ಇರಬೇಕಾದರೆ ಮೂವತ್ತು ಅಡಿಯ ಒಳರಸ್ತೆಯೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ, ಮುಂದೆ ಮಾರುವಾಗ ಬೆಲೆ ಸ್ವಲ್ಪ ಕಡಿಮೆ ಬಂದರೂ ಸರಿ.

ಜಾಗಕ್ಕೆ ತಕ್ಕ ತೊಂದರೆಗಳೂ ಇವೆ. ಕಾಮಾಕ್ಷಿಪಾಳ್ಯದ ಅಂಚಿನ ಬೀದಿಗಳಲ್ಲಿ ಲೇತು, ಪ್ಲೇಟಿಂಗ್ ಶೆಡ್ಡುಗಳ ಸದ್ದು ಮತ್ತು ವಾಸನೆ. ಮೈಸೂರು ರಸ್ತೆಯುದ್ದಕ್ಕೂ ನಾಯಂಡಹಳ್ಳಿಯಿಂದ ಕೆಂಗೇರಿಯವರೆಗೆ ವೃಷಭಾವತಿ. ಸಂಜೆ ಗಾಳಿ ತಿರುಗಿದಾಗಷ್ಟೇ ಅದರ ನಾತ ಎಷ್ಟು ದೂರ ಬರುತ್ತದೆಂದು ತಿಳಿಯುತ್ತದೆ. ಮೆಟ್ರೊ ವಿಷಯದಲ್ಲಿ ಪಶ್ಚಿಮದವರು ಅದೃಷ್ಟವಂತರು. ಹಸಿರು ಮಾರ್ಗ 2014ರ ಮಾರ್ಚ್‌ನಲ್ಲಿ ರಾಜಾಜಿನಗರದ ಮೂಲಕ ಓಡಿತು, ನೇರಳೆ ಮಾರ್ಗ 2015ರ ನವೆಂಬರ್‌ನಲ್ಲಿ ವಿಜಯನಗರ ದಾಟಿ ಮೈಸೂರು ರಸ್ತೆ ನಿಲ್ದಾಣಕ್ಕೂ 2021ರ ಆಗಸ್ಟ್‌ನಲ್ಲಿ ಕೆಂಗೇರಿಗೂ ಬಂತು. ಮೂರನೇ ಹಂತಕ್ಕೆ 2024ರ ಆಗಸ್ಟ್ 16ರಂದು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು: ಪಶ್ಚಿಮದ ಹೊರವರ್ತುಲ ರಸ್ತೆಯಲ್ಲಿ ಜೆ.ಪಿ. ನಗರದಿಂದ ಕೆಂಪಾಪುರಕ್ಕೆ ಒಂದು, ಮಾಗಡಿ ರಸ್ತೆಯಲ್ಲಿ ಹೊಸಹಳ್ಳಿಯಿಂದ ಕಡಬಗೆರೆಗೆ ಇನ್ನೊಂದು. ನಾಗರಬಾವಿ, ಸುಮನಹಳ್ಳಿ ಸುತ್ತ ಮನೆ ಕೊಳ್ಳುವವರು ಮುಂದಿನ ಅನುಕೂಲದ ಜೊತೆಗೆ ನಡುವಿನ ವರ್ಷಗಳ ಧೂಳು, ವಾಹನಗಳ ಅಡ್ಡದಾರಿಯ ನುಗ್ಗಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನೀರಿನ ಬಗ್ಗೆ ಮಾಲೀಕರನ್ನಲ್ಲ, ಬಾಡಿಗೆದಾರರನ್ನು ಕೇಳಿ. ಕಾವೇರಿ ವಾರಕ್ಕೆ ಎಷ್ಟು ದಿನ, ಸಂಪು ತುಂಬುತ್ತದೆಯೋ ಇಲ್ಲವೋ, 2024ರ ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ತರಿಸಿದರು. ಈ ಮೂರು ಉತ್ತರ ಸಾಕು.

ಎರಡನೆಯದು, ಮನೆತನ

ಹಳೆ ಬಡಾವಣೆಗಳಲ್ಲಿ ವ್ಯವಹಾರ ಕೆಡುವುದು ಇಲ್ಲಿಯೇ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಿಜಯನಗರದ ಸೈಟು ತಂದೆಯ ಹೆಸರಿಗೆ ಸಿ.ಐ.ಟಿ.ಬಿ.ಯಿಂದ ಹಂಚಿಕೆಯಾಯಿತು. ಹತ್ತು ವರ್ಷದ ಗುತ್ತಿಗೆ–ಕ್ರಯದ ಕರಾರು ಮುಗಿದು ಶುದ್ಧ ಕ್ರಯಪತ್ರ ಆಯಿತು. ತಂದೆ ಉಯಿಲು ಬರೆಯದೆ ತೀರಿಕೊಂಡರು. ಖಾತೆ ತಾಯಿಯ ಹೆಸರಿಗೆ ಬಂತು. ಈಗ ತಾಯಿಯೂ ಹಿರಿಯ ಮಗನೂ ಮನೆ ಮಾರಲು ಕೂತಿದ್ದಾರೆ, ಕಾಫಿ ಕೊಟ್ಟು ಚೆನ್ನಾಗಿ ಮಾತಾಡುತ್ತಾರೆ. ಆದರೆ ಖಾತೆ ತೆರಿಗೆಗಾಗಿ ಇರುವ ದಾಖಲೆ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಂದೆಯ ಸ್ವಯಾರ್ಜಿತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಂದೆಯ ತಾಯಿ, ಎಲ್ಲರಿಗೂ ಸಮಪಾಲು. ತೀರಿಹೋದ ಮಗನಿದ್ದರೆ ಅವನ ಹೆಂಡತಿ ಮಕ್ಕಳು ಅವನ ಪಾಲಿಗೆ ಬರುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲೂ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಹುಟ್ಟಿನಿಂದಲೇ ಇದೆ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

"ಅಕ್ಕನಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ ಸಾರ್, ಅವಳದ್ದೇನೂ ತಕರಾರಿಲ್ಲ" ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲಿಗೇ ನಿಲ್ಲಿ. ತಕರಾರಿಲ್ಲ ಎಂಬುದನ್ನು ಆ ಅಕ್ಕನೇ ಹೇಳಬೇಕು, ಅದೂ ಉಪನೋಂದಣಾಧಿಕಾರಿಯ ಮುಂದೆ. ನೋಂದಾಯಿತ ಹಕ್ಕು ಬಿಡುಗಡೆ ಪತ್ರವಾಗಲಿ, ಕ್ರಯಪತ್ರದಲ್ಲೇ ಅವರ ಸಹಿಯಾಗಲಿ, ಎರಡರಲ್ಲಿ ಒಂದು ಇರಲೇಬೇಕು. ಇದು ನಿಮ್ಮ ರಕ್ಷಣೆಗೆ ಮಾತ್ರವಲ್ಲ. ಆ ಮನೆಯಲ್ಲಿ ಬೆಳೆದ ಹೆಣ್ಣುಮಗಳಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ಸಲ್ಲುವುದೂ ಇದರಿಂದಲೇ. ಆಕೆ ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ತರಿಸಬೇಕು, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ವಾರಸುದಾರರಲ್ಲಿ ಅಪ್ರಾಪ್ತರಿದ್ದರೆ ಅವರ ಪಾಲು ಮಾರಲು ನ್ಯಾಯಾಲಯದ ಅನುಮತಿ ಬೇಕಾಗಬಹುದು. ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ನಾಡಕಚೇರಿಯ ವಂಶವೃಕ್ಷ, ಮರಣ ಪ್ರಮಾಣಪತ್ರಗಳನ್ನು ಪಡೆದು ಹೆಸರು ಹೆಸರಾಗಿ ಹೊಂದಿಸಿ ನೋಡಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಆ ಹೆಸರುಗಳ ಮೇಲೆ ಪಾಲು ದಾವೆ ಇದೆಯೇ ಹುಡುಕಿ. ಆಮೇಲೆ ವಕೀಲರಿಂದ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ. ಮಾರುವವರು ಇದಕ್ಕೆ ಮುನಿಸಿಕೊಂಡರೆ ಕಾರಣ ಕೇಳಿ.

ಮನೆಯಲ್ಲಿ ಯಾರು ವಾಸವಿದ್ದಾರೆ ಎಂಬುದೂ ಇದೇ ಪ್ರಶ್ನೆಯ ಮುಂದುವರಿಕೆ. ಪಶ್ಚಿಮದಲ್ಲಿ ಭೋಗ್ಯ, ಅಂದರೆ ಲೀಸಿಗೆ ಕೊಡುವ ರೂಢಿ ಬಹಳ. ಮೇಲಿನ ಮಹಡಿಯವರು ಲಕ್ಷಗಟ್ಟಲೆ ಕೊಟ್ಟು ಕೂತಿರುತ್ತಾರೆ, ಕರಾರು ನೋಂದಣಿ ಆಗಿರುವುದಿಲ್ಲ, ಆದ್ದರಿಂದ ಋಣಭಾರ ಪತ್ರದಲ್ಲಿ (ಇ.ಸಿ.) ಕಾಣುವುದೂ ಇಲ್ಲ. ಪ್ರತಿ ಬಾಗಿಲು ತಟ್ಟಿ, ಅವರ ಕರಾರು ನೋಡಿ, ಲೀಸು ಹಣ ಹಿಂದಿರುಗಿಸಿ ಮನೆ ಖಾಲಿ ಮಾಡಿಸಿಕೊಡುವುದು ಮಾರುವವರ ಹೊಣೆ ಎಂದು ಕ್ರಯದ ಕರಾರಿನಲ್ಲಿ ಬರೆಸಿ.

ಮೂರನೆಯದು, ಕಾಗದ

ಋಣಭಾರ ಪತ್ರವನ್ನು ಕನಿಷ್ಠ ಮೂವತ್ತು ವರ್ಷಕ್ಕೆ ತೆಗೆಸಿ. ಕಾವೇರಿ 2.0 ತಂತ್ರಾಂಶದಲ್ಲಿ ಆನ್‌ಲೈನಾಗಿ ಸಿಗುವುದು ಸುಮಾರು 2004ರಿಂದೀಚಿನದು. ಹಿಂದಿನದಕ್ಕೆ ಉಪನೋಂದಣಿ ಕಚೇರಿಯನ್ನೇ ಸುತ್ತಬೇಕು. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಮದರ್ ಡೀಡ್‌ನಿಂದ ಇಂದಿನವರೆಗೆ ಕೊಂಡಿ ಎಲ್ಲೂ ಕಳಚಿರಬಾರದು. ಮೂಲ ಪತ್ರಗಳನ್ನು ಕಣ್ಣಾರೆ ನೋಡಿ. ಜೆರಾಕ್ಸ್ ತೋರಿಸಿ "ಒರಿಜಿನಲ್ ಲಾಕರ್‌ನಲ್ಲಿದೆ" ಎಂದರೆ, ಯಾವ ಬ್ಯಾಂಕಿನಲ್ಲಿ ಅಡವಿದೆ ಎಂದು ಕೇಳಿ.

2024ರ ಅಕ್ಟೋಬರ್‌ನಿಂದ ಬೆಂಗಳೂರು ನಗರದಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿ.ಬಿ.ಎಂ.ಪಿ. ಹೋಗಿ ಐದು ಪಾಲಿಕೆಗಳಾಗಿವೆ, ರಾಜಾಜಿನಗರ, ವಿಜಯನಗರ ಈಗ ಪಶ್ಚಿಮ ನಗರ ಪಾಲಿಕೆಗೆ ಸೇರಿವೆ. ಅಂತಿಮ ಇ-ಖಾತಾ ಮಾರುವವರ ಹೆಸರಿಗೆ ಬಂದ ಮೇಲೆಯೇ ದೊಡ್ಡ ಮೊತ್ತ ಕೊಡಿ. ಅದರಲ್ಲಿನ ಅಳತೆ, ಚಕ್ಕುಬಂದಿ ಕ್ರಯಪತ್ರಕ್ಕೆ ತಾಳೆಯಾಗಬೇಕು. ಒಂದು ಅಡಿ ವ್ಯತ್ಯಾಸವಿದ್ದರೂ ಮೊದಲು ತಿದ್ದಿಸಲಿ.

ಕೆಂಗೇರಿಗೆ ಇನ್ನಷ್ಟು ಎಚ್ಚರ ಬೇಕು. 2007ರಲ್ಲಿ ಬಿ.ಬಿ.ಎಂ.ಪಿ. ರಚನೆಯಾದಾಗ ಅದಕ್ಕೆ ಸೇರಿದ ಏಕೈಕ ಪಟ್ಟಣ ಪುರಸಭೆ ಕೆಂಗೇರಿ. ಹಾಗಾಗಿ ಇಲ್ಲಿ ಬಿ.ಡಿ.ಎ. ಸೈಟಿನ ಪಕ್ಕದಲ್ಲೇ ಪುರಸಭೆ ಕಾಲದ ಖಾತೆ, ಅದರಾಚೆ ಗ್ರಾಮ ಪಂಚಾಯಿತಿ ಕಾಲದ ರೆವಿನ್ಯೂ ಸೈಟು ಇರುತ್ತದೆ. ಭೂ ಪರಿವರ್ತನೆ ಆದೇಶ, ಬಡಾವಣೆ ನಕ್ಷೆಗೆ ಮಂಜೂರಾತಿ ಎರಡೂ ಇವೆಯೇ ನೋಡಿ. ನಾಡಪ್ರಭು ಕೆಂಪೇಗೌಡ ಬಡಾವಣೆಯ ಸುತ್ತಮುತ್ತ ಕೊಳ್ಳುವವರು ಆ ಸರ್ವೆ ನಂಬರು ಬಿ.ಡಿ.ಎ. ಅಧಿಸೂಚನೆಯಲ್ಲಿದೆಯೇ ಎಂದು ಕೇಳಿ ಲಿಖಿತ ಉತ್ತರ ಪಡೆಯಬೇಕು. ಕ್ರಯಪತ್ರವಿಲ್ಲದೆ ಬರೀ ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರಾಟ ಎಂದರೆ ಕೈ ಮುಗಿದು ಎದ್ದು ಬನ್ನಿ. ಅದರಿಂದ ಹಕ್ಕು ವರ್ಗವಾಗದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ. ಬಿ ಖಾತಾ ಸೈಟನ್ನು ಎ ಖಾತಾಗೆ ಬದಲಿಸಿಕೊಳ್ಳಲು 2025ರ ನವೆಂಬರ್‌ನಿಂದ ಸರ್ಕಾರ ಅವಕಾಶ ಕೊಟ್ಟಿದೆ. ಆ ಕೆಲಸವನ್ನು ಮಾರುವವರೇ ಮುಗಿಸಿ ಕೊಡಲಿ.

ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಸೈಟಿನ ಮೇಲೆ ನಿಂತರೆ ಸರ್ವೆ ನಂಬರು, ಕೆರೆ, ರಾಜಕಾಲುವೆ ಎಲ್ಲ ಕಾಣುತ್ತದೆ. ಮಹಾಯೋಜನೆ 2015ರಲ್ಲಿ ಕಾಲುವೆಯ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಅಂತರ ನಿಗದಿಯಾಗಿತ್ತು. ವೃಷಭಾವತಿಗೆ ಸೇರುವ ಕಾಲುವೆಗಳು ಪಶ್ಚಿಮದ ತಗ್ಗುಗಳಲ್ಲೆಲ್ಲ ಹರಡಿವೆ. ಪಕ್ಕದ ಮನೆಗಳ ಗೋಡೆಯಲ್ಲಿ ಮೊಣಕಾಲೆತ್ತರದ ನೀರಿನ ಗೆರೆ ಇದೆಯೇ ಹುಡುಕಿ.

ಹೊಸ ಫ್ಲಾಟ್ ಆದರೆ ರೇರಾ ನೋಂದಣಿ, ಕಾರ್ಪೆಟ್ ಏರಿಯಾ, ಸ್ವಾಧೀನಾನುಭವ ಪತ್ರ (ಓ.ಸಿ.) ಮೂರನ್ನೂ ಕೇಳಿ. ಓ.ಸಿ. ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದ ಮೇಲೆ ಈ ಪತ್ರದ ತೂಕ ಹೆಚ್ಚಿದೆ.

ಕೊನೆಗೆ ಹಣ

ಎರಡು ಕೋಟಿಯ ಮನೆ ಎಂದುಕೊಳ್ಳಿ. 75 ಲಕ್ಷ ಮೀರಿದ ಗೃಹಸಾಲಕ್ಕೆ ಬ್ಯಾಂಕು ಕೊಡಬಹುದಾದ ಗರಿಷ್ಠ ಪ್ರಮಾಣ ಬೆಲೆಯ ಶೇ 75. ಅಂದರೆ 50 ಲಕ್ಷ ನಿಮ್ಮ ಕೈಯಿಂದ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಎರಡೂ ಸೇರಿ 15 ಲಕ್ಷದ 20 ಸಾವಿರ. ಇದಕ್ಕೆ ಸಾಲ ಸಿಗದು. ದಲ್ಲಾಳಿ, ವಕೀಲರು, ರಿಪೇರಿ ಬೇರೆ. ಹಾಗಾಗಿ ಎರಡು ಕೋಟಿಯ ಮನೆಗೆ ಎಪ್ಪತ್ತು ಲಕ್ಷ ಕೈಯಲ್ಲಿಲ್ಲದಿದ್ದರೆ ಸಣ್ಣ ಮನೆಯನ್ನೇ ನೋಡುವುದು ಕ್ಷೇಮ.

ಬೆಲೆಯಲ್ಲಿ ಒಂದಿಷ್ಟು "ಕ್ಯಾಶ್" ಕೊಡಿ ಎಂಬ ಬೇಡಿಕೆ ಬಂದೇ ಬರುತ್ತದೆ. ಒಪ್ಪಬೇಡಿ. ಆಸ್ತಿ ಮಾರಾಟದ ಮುಂಗಡವನ್ನು 20,000 ರೂಪಾಯಿ ಅಥವಾ ಹೆಚ್ಚು ನಗದಾಗಿ ಪಡೆಯುವುದು ಕಾನೂನಿಗೆ ವಿರುದ್ಧ. ಪತ್ರದಲ್ಲಿ ಕಾಣದ ಹಣ ವ್ಯವಹಾರ ಮುರಿದರೆ ವಾಪಸು ಬರುವುದಿಲ್ಲ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಶೇ 1 ತೆರಿಗೆಯನ್ನು ಮಾರುವವರ ಹಣದಲ್ಲೇ ಮುರಿದುಕೊಂಡು ನೀವು ಸರ್ಕಾರಕ್ಕೆ ಕಟ್ಟಬೇಕು. ಮಾರುವವರಲ್ಲಿ ಒಬ್ಬರು ಅನಿವಾಸಿಯಾಗಿದ್ದರೂ ಅವರ ಪಾಲಿಗೆ ಈ ಲೆಕ್ಕ ಹೊಂದುವುದಿಲ್ಲ, ಮುರಿಯಬೇಕಾದ ತೆರಿಗೆ ಬಹಳ ಹೆಚ್ಚು. ಇದಕ್ಕೆ ಆಡಿಟರ್ ಸಲಹೆ ಮೊದಲೇ ಪಡೆಯಿರಿ.

ನೋಂದಣಿಯ ದಿನ ಕಾವೇರಿಯಲ್ಲಿ ಸಿದ್ಧವಾದ ಕರಡನ್ನು ಮನೆಯಲ್ಲೇ ಗಟ್ಟಿಯಾಗಿ ಓದಿ: ಹೆಸರಿನ ಅಕ್ಷರ, ಸೈಟ್ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ. ಕೊನೆಯ ಕಂತಿನ ಡಿ.ಡಿ. ಮತ್ತು ಬೀಗದ ಕೈ ಒಂದೇ ಹೊತ್ತಿಗೆ ಕೈ ಬದಲಾಗಲಿ, ಮೂಲ ಪತ್ರಗಳ ಪಟ್ಟಿಗೆ ಎರಡೂ ಕಡೆಯವರ ಸಹಿ ಇರಲಿ. ಆ ವಾರವೇ ಖಾತೆ, ಬೆಸ್ಕಾಂ ಮೀಟರ್, ಜಲಮಂಡಳಿ ಸಂಪರ್ಕಗಳನ್ನು ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ. ಹಳೆ ಮಾಲೀಕರ ನೀರಿನ ಬಾಕಿ ಇದ್ದರೆ ಬಿಲ್ಲು ಬರುವುದು ನಿಮ್ಮ ಬಾಗಿಲಿಗೆ.