ಹೆಸರು ಬದಲಾದರೆ ಚಿತ್ರ ಬದಲಾಗುತ್ತದೆಯೇ? – ಒಂದು ಅಭ್ಯಾಸ ಪಾಠದ ಅವಲೋಕನ

ತರಗತಿ: 9
ವಿಷಯ: ಚಿತ್ರಕಲೆ (ಕಲಾಸ್ವಾದನೆ)
ಅವಧಿ: 40 ನಿಮಿಷ
ಉದ್ದೇಶ: ಚಿತ್ರವೊಂದರ ಬೆಲೆಗೂ ಕಲಾಮೌಲ್ಯಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಕಾರಣ ಸಹಿತ ಹೇಳುವರು.
ಬೋಧನೋಪಕರಣಗಳು: ಚಿತ್ರದ ದೊಡ್ಡ ಮುದ್ರಿತ ಪ್ರತಿ, ಜಲವರ್ಣ, ಕುಂಚ, ಕಾಗದ

ಹಿನ್ನೆಲೆ
ಅಭ್ಯಾಸ ಬೋಧನೆಯ ಮೊದಲ ವಾರ ನಾನೊಂದು ತಪ್ಪು ಮಾಡಿದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಮಹಿಳೆಯ ಚಿತ್ರವನ್ನು ತೋರಿಸಿ, "ಇದು ರಾಜಾ ರವಿವರ್ಮನ ಚಿತ್ರ, ಆದ್ದರಿಂದ ಶ್ರೇಷ್ಠ" ಎಂದೆ. ಮಕ್ಕಳು ಹಾಗೆಯೇ ಬರೆದುಕೊಂಡರು. ಮಾರ್ಗದರ್ಶಕ ಅಧ್ಯಾಪಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಎರಡೇ ಸಾಲು: "ಕಲಾವಿದರು ಯಾರೆಂದು ಪರಿಶೀಲಿಸಿ. 'ಆದ್ದರಿಂದ' ಎಂಬ ಪದವನ್ನೂ ಪರಿಶೀಲಿಸಿ."

ಮೊದಲ ತಪ್ಪು ಬೇಗ ತಿಳಿಯಿತು. ಚಿತ್ರ ರಚಿಸಿದವರು ಸಾವಂತವಾಡಿಯ ಎಸ್.ಎಲ್. ಹಲ್ದಂಕರ್ (1882–1968). ರೂಪದರ್ಶಿ ಅವರ ಮಗಳು. ಅದು 1940ರ ದಶಕದ ಜಲವರ್ಣ ಚಿತ್ರ. ರವಿವರ್ಮ 1906ರಲ್ಲಿಯೇ ತೀರಿಕೊಂಡಿದ್ದರು. ಎರಡನೆಯ ತಪ್ಪನ್ನು ತಿದ್ದಲು ಇನ್ನೊಂದು ಪಾಠವೇ ಬೇಕಾಯಿತು.

ಹಂತ 1: ನೋಡುವುದು
ಯಾರ ಹೆಸರನ್ನೂ ಹೇಳದೆ ಕೇಳಿದೆ: ಬೆಳಕು ಎಲ್ಲಿಂದ ಬರುತ್ತಿದೆ? ಎಲ್ಲಿಯವರೆಗೆ ತಲುಪಿದೆ? ದೀಪಕ್ಕೆ ಮರೆಯಾಗಿ ಹಿಡಿದ ಕೈಯನ್ನು ಒಬ್ಬ ಹುಡುಗಿ ಗಮನಿಸಿದಳು. "ಟಾರ್ಚ್ ಮೇಲೆ ಕೈ ಇಟ್ರೆ ಬೆರಳು ಕೆಂಪಗೆ ಕಾಣುತ್ತಲ್ಲ ಮಿಸ್, ಹಾಗೇ ಇದೆ."

ಹಂತ 2: ಮಾಡಿ ನೋಡುವುದು
ಒಂದು ಜ್ವಾಲೆ, ಸುತ್ತ ಕತ್ತಲೆ – ಇಷ್ಟನ್ನು ಜಲವರ್ಣದಲ್ಲಿ ಬಿಡಿಸಲು ಹೇಳಿದೆ. ಹಲವರ ಜ್ವಾಲೆಗೆ ಕಪ್ಪು ಬಣ್ಣ ಹರಿಯಿತು. ತೈಲವರ್ಣದಲ್ಲಿ ಕಪ್ಪಿನ ಮೇಲೂ ತಿಳಿ ಬಣ್ಣ ಹಚ್ಚಬಹುದು. ಪಾರದರ್ಶಕ ಜಲವರ್ಣದಲ್ಲಿ ಬೆಳಕೆಂದರೆ ಬಿಟ್ಟುಕೊಂಡ ಕಾಗದದ ಬಿಳುಪೇ; ಅದನ್ನು ಮೊದಲೇ ಯೋಚಿಸಿರಬೇಕು. ಈ ಮಾತನ್ನು ನಾನು ವಿವರಿಸುವ ಮೊದಲೇ ಅವರ ಕೈಗೆ ಗೊತ್ತಾಗಿತ್ತು.

ಹಂತ 3: ತಪ್ಪೊಪ್ಪಿಗೆ ಮತ್ತು ಪ್ರಶ್ನೆ
"ಹೋದ ವಾರ ನಾನು ಹೇಳಿದ್ದು ತಪ್ಪು" ಎಂದಾಗ ತರಗತಿ ಒಂದು ಕ್ಷಣ ಮೌನವಾಯಿತು. ನಂತರ ಕೇಳಿದೆ: ಹೆಸರು ಬದಲಾಯಿತು, ಚಿತ್ರದಲ್ಲಿ ಏನು ಬದಲಾಯಿತು? "ರೇಟು ಕಮ್ಮಿ ಆಗುತ್ತೆ" ಎಂದ ಒಬ್ಬ. "ಬೆರಳಿನ ಕೆಂಪು ಹಾಗೇ ಇದೆಯಲ್ಲ" ಎಂದಳು ಅದೇ ಹುಡುಗಿ.

ಇಲ್ಲಿ 'ಸಾಲ್ವಟೋರ್ ಮುಂಡಿ' ಚಿತ್ರದ ಉದಾಹರಣೆ ಕೊಟ್ಟೆ. 1958ರಲ್ಲಿ ಅದು ಹರಾಜಾದದ್ದು 45 ಪೌಂಡಿಗೆ. ಮುಂದೆ ಅದನ್ನು ಶುಚಿಗೊಳಿಸಿ, ದುರಸ್ತಿ ಮಾಡಿ, ಲಿಯೊನಾರ್ಡೊ ಡ ವಿಂಚಿಯದೆಂದು ಗುರುತಿಸಲಾಯಿತು. 2017ರಲ್ಲಿ ಬಂದ ಬೆಲೆ 45 ಕೋಟಿ ಡಾಲರ್‌ಗೂ ಹೆಚ್ಚು. ಅದರಲ್ಲಿ ಲಿಯೊನಾರ್ಡೊನ ಕೈವಾಡ ಎಷ್ಟು ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ಹಂತ 4: ಕಪ್ಪುಹಲಗೆ ಸಾರಾಂಶ
ಬೆಲೆ: ಕಲಾವಿದರ ಹೆಸರು, ವಿರಳತೆ, ಒಡೆತನದ ದಾಖಲೆ, ಚಿತ್ರದ ಸ್ಥಿತಿ, ಕೊಳ್ಳುವವರ ಪೈಪೋಟಿ.
ಮೌಲ್ಯ: ಕೌಶಲ, ಹೊಸತನ, ಭಾವ, ಮತ್ತೆ ಮತ್ತೆ ನೋಡಬೇಕೆನಿಸುವ ಗುಣ, ಮುಂದಿನವರ ಮೇಲಿನ ಪ್ರಭಾವ.

"ಹಾಗಾದ್ರೆ ಹೆಸರೇ ಬೇಡವಾ ಮಿಸ್?" ಎಂಬ ಪ್ರಶ್ನೆ ಬಂತು. ಬೇಕು. ಪೌರಾಣಿಕ ವಸ್ತುಗಳಿಗೆ ಪಾಶ್ಚಾತ್ಯ ತೈಲವರ್ಣದ ಶೈಲಿಯನ್ನು ಬಳಸಿದ್ದು, ಮುದ್ರಣಾಲಯ ತೆರೆದು ದೇವರ ಚಿತ್ರಗಳನ್ನು ಸಾಮಾನ್ಯರ ಮನೆಗೆ ತಲುಪಿಸಿದ್ದು ರವಿವರ್ಮರ ಹಿರಿಮೆ. ಯಾರು, ಯಾವಾಗ ಎಂದು ತಿಳಿಯದೆ ಹೊಸತನವನ್ನು ಅಳೆಯಲಾಗದು. ಹೆಸರು ಚಿತ್ರವನ್ನು ಅರಿಯಲು ನೆರವಾಗುತ್ತದೆ. ಆದರೆ ಶ್ರೇಷ್ಠತೆಗೆ ಅದೇ ಪುರಾವೆಯಲ್ಲ.

ಆತ್ಮಾವಲೋಕನ
ಎರಡನೆಯ ಹಂತ ಹೆಚ್ಚು ಸಮಯ ತೆಗೆದುಕೊಂಡಿತು. ಸಾರಾಂಶವನ್ನು ಅವಸರದಲ್ಲಿ ಮುಗಿಸಿದೆ. ಮೌಲ್ಯಮಾಪನದಲ್ಲಿ ಕೆಲವರು ಮತ್ತೆ "ಪ್ರಸಿದ್ಧವಾಗಿದೆ, ಆದ್ದರಿಂದ ಶ್ರೇಷ್ಠ" ಎಂದೇ ಬರೆದರು. ಆ 'ಆದ್ದರಿಂದ' ಅವರಿಗೆ ನನ್ನಿಂದಲೇ ಬಂದದ್ದು. ಒಂದು ಅವಧಿಯಲ್ಲಿ ಹೋಗುವಂಥದ್ದಲ್ಲ. ಇದನ್ನು ಎರಡು ಅವಧಿಗಳ ಪಾಠವಾಗಿ ಯೋಜಿಸುವುದು ಒಳ್ಳೆಯದು. ಮೊದಲ ಅವಧಿ ಮುಗಿಯುವವರೆಗೆ ಕಲಾವಿದರ ಹೆಸರನ್ನು ಹೇಳದಿರಿ.