ಎಂಜಿನ್ನಿನ ಹೊಟ್ಟೆಗೆ ಧೂಳು ಬಿಡಬೇಡಿರಿ



ಒಕ್ಕಣೆಯ ಕಾಲದಲ್ಲಿ ನೀವು ಮೂಗಿಗೆ ವಸ್ತ್ರ ಕಟ್ಟಿಕೊಳ್ಳುತ್ತೀರಿ. ಟ್ರ್ಯಾಕ್ಟರಿನ ಎಂಜಿನ್ನಿಗೂ ಇಂಥದೊಂದು ವಸ್ತ್ರವಿದೆ; ಅದೇ ಏರ್ ಕ್ಲೀನರ್. ಅದನ್ನು ದಾಟಿ ಹೋದ ಧೂಳು ಆಯಿಲಿನೊಡನೆ ಬೆರೆತು, ಪಿಸ್ಟನ್ ರಿಂಗನ್ನೂ ಲೈನರನ್ನೂ ಸಾಣೆಕಲ್ಲಿನಂತೆ ಸವೆಸುತ್ತದೆ. ಆಮೇಲೆ ಎಂಜಿನ್ ಬಿಚ್ಚಿಸದೆ ಗತಿಯಿಲ್ಲ. ಬೆಳೆದ ಬೆಳೆಯ ಹಣ ಗ್ಯಾರೇಜಿನ ಪಾಲು.

ಏರ್ ಕ್ಲೀನರಿನಲ್ಲಿ ಎರಡು ಬಗೆ. ನಿಮ್ಮದು ಯಾವುದೆಂದು ನೋಡಿಕೊಳ್ಳಿರಿ.

1. ಎಣ್ಣೆ ಬಟ್ಟಲಿನದು: ಧೂಳಿನ ಕೆಲಸವಿರುವಾಗ ಪ್ರತಿದಿನವೂ ಎಂಜಿನ್ ನಿಲ್ಲಿಸಿ ಬಟ್ಟಲನ್ನು ಬಿಚ್ಚಿ ನೋಡಿರಿ. ತಳದಲ್ಲಿ ಕೆಸರು ಕಟ್ಟಿದ್ದರೆ ಹಳೆಯ ಆಯಿಲ್ ತೆಗೆದು, ಡೀಸೆಲಿನಿಂದ ತೊಳೆದು ಒರೆಸಿ, ಗುರುತಿನವರೆಗೆ ಹೊಸ ಎಂಜಿನ್ ಆಯಿಲ್ ಹಾಕಿರಿ. ಕಡಿಮೆಯಾದರೆ ಧೂಳು ನುಸುಳುತ್ತದೆ. ಹೆಚ್ಚಾದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಳ್ಳುತ್ತದೆ.

2. ಕಾಗದದ ಫಿಲ್ಟರು: ಇದನ್ನು ಡೀಸೆಲಿನಲ್ಲಿ ತೊಳೆಯಬಾರದು, ಕಲ್ಲಿಗೆ ಬಡಿಯಬಾರದು. ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹಿಡಿಯಿರಿ. ಕತ್ತಲಲ್ಲಿ ಒಳಗೆ ಟಾರ್ಚು ಹಾಕಿ ನೋಡಿರಿ. ಒಂದೇ ಒಂದು ತೂತು ಕಂಡರೂ ಬಿಸಾಡಿರಿ. ಇದರೊಳಗೆ ಇನ್ನೊಂದು ಚಿಕ್ಕ ಫಿಲ್ಟರು ಇದ್ದರೆ ಅದನ್ನು ಶುಚಿಮಾಡುವಂತಿಲ್ಲ, ಬದಲಾಯಿಸಬೇಕು.

ಹೊಸದನ್ನು ಕೊಳ್ಳುವಾಗ ಟ್ರ್ಯಾಕ್ಟರಿನ ಪುಸ್ತಕದಲ್ಲಿರುವ ನಂಬರನ್ನೇ ಕೇಳಿರಿ. ಅಗ್ಗವೆಂದು ತಂದ ಫಿಲ್ಟರು ಸಡಿಲವಾಗಿ ಕೂತರೆ ಧೂಳು ಪಕ್ಕದಿಂದಲೇ ಒಳಹೋಗುತ್ತದೆ.

ಕೊನೆಯದಾಗಿ ಒಂದು ಸುಲಭ ಪರೀಕ್ಷೆ. ಎಂಜಿನ್ ನಿಲ್ಲಿಸಿ, ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯನ್ನು ಬಿಚ್ಚಿ ಒಳಗೆ ಬೆರಳಾಡಿಸಿರಿ. ಧೂಳು ಹತ್ತಿತೇ? ಹಾಗಾದರೆ ಕೊಳವೆಯ ಬಿರುಕನ್ನೂ ಕ್ಲಿಪ್ಪನ್ನೂ ಫಿಲ್ಟರನ್ನೂ ಸರಿಪಡಿಸುವವರೆಗೆ ಟ್ರ್ಯಾಕ್ಟರನ್ನು ಹೊಲಕ್ಕೆ ಇಳಿಸಬೇಡಿರಿ. ಈ ಪರೀಕ್ಷೆಗೆ ಖರ್ಚೇನೂ ಇಲ್ಲ. ಇಂದು ಸಂಜೆಯೇ ಮಾಡಿ ನೋಡಿರಿ.